ಎರಡು ವಾರದ ಸೇವೆ

ಜರ್ಮನಿಯ ಫರ್ಡಿನೆಂಡ್ ಕಿಟೆಲ್ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ 1853ರಲ್ಲಿ ನಮ್ಮ ನಾಡಿಗೆ ಬಂದರು. ಹಳ್ಳಿ ಸುತ್ತಿ ಕನ್ನಡ ಕಲಿತರು. ಸುಮಾರು 70,000 ಪದಗಳ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ, ಬಂದ 41 ವರ್ಷದ ಮೇಲೆ. ಅದೇ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ಹೆಂಚು ಹೋಗಿ ತಾರಸಿ ಬಂತು. ಆ ನಿಘಂಟನ್ನು ಮಾತ್ರ ಇಂದಿಗೂ ತೆರೆಯುತ್ತೇವೆ.

ಇದೆಲ್ಲ ನೆನಪಾದದ್ದು ಮೊಮ್ಮಗನಿಂದ. ನಮ್ಮದು ಕನಕಪುರ ತಾಲ್ಲೂಕಿನ ಹಾರೋಬೆಲೆ ಕಡೆಯ ಕ್ರೈಸ್ತ ಮನೆತನ. ಅವನು ಓದುತ್ತಿರುವುದು ಅಮೆರಿಕದಲ್ಲಿ. ರಜೆಯಲ್ಲಿ ಎರಡು ವಾರ ಕೀನ್ಯಾಕ್ಕೆ ಹೋಗಿ ಚರ್ಚು ಕಟ್ಟಲು ಕೈಜೋಡಿಸುತ್ತಾನಂತೆ. "ಹೋಗಲಾ ತಾತ?" ಎಂದ.

ಬ್ಯಾಂಕಿನಲ್ಲಿ ಲೆಕ್ಕ ಬರೆದೇ ಬದುಕಿದವನು ನಾನು. ಅವನ ವಿಮಾನದ ಟಿಕೆಟ್ಟಿನ ದುಡ್ಡಿನಲ್ಲಿ ಅಲ್ಲಿಯ ಗಾರೆ ಕೆಲಸದವರಿಗೆ ಎಷ್ಟೋ ದಿನದ ಕೂಲಿ ಕೊಡಬಹುದು. ಇಟ್ಟಿಗೆಯನ್ನೂ ಅವರೇ ಇವನಿಗಿಂತ ನೆಟ್ಟಗೆ ಇಡುತ್ತಾರೆ. ಆದರೂ ಬೇಡ ಎನ್ನಲು ಮನಸ್ಸಾಗಲಿಲ್ಲ. ದೂರದಿಂದ ಬಂದವರೊಬ್ಬರು ನಮ್ಮ ಮಾತು ಕಲಿತದ್ದರಿಂದ ಕನ್ನಡಕ್ಕೆ ಎಷ್ಟು ಲಾಭವಾಯಿತು!

"ಹೋಗಿ ಬಾ ಮಗನೆ," ಎಂದೆ. "ಮೇಸ್ತ್ರಿ ಹೇಳಿದಂತೆ ಕೇಳು. ಸಂಜೆ ಅವರ ಜೊತೆ ಕೂತು ಊಟ ಮಾಡು. ನೀರಿಗೆ, ಮಣ್ಣಿಗೆ, ಅಜ್ಜಿಗೆ ಏನನ್ನುತ್ತಾರೆ ಕೇಳಿ ಬರೆದುಕೋ. ಬಂದು ನನಗೂ ಹೇಳಿಕೊಡು."