ಎರಡು ಪೈಥಾನ್‌ಗಳ ಸಂಸಾರ

ನಮ್ಮ ಮನೆಯ ಗಣಕಯಂತ್ರದಲ್ಲಿ ಎರಡು ಪೈಥಾನ್‌ಗಳಿವೆ. ಹಾವೆಂದು ಹೆದರಬೇಡಿ; ಯಂತ್ರಕ್ಕೆ ಕೆಲಸ ಹೇಳುವ ಭಾಷೆಯ ಹೆಸರದು. ಅದರ ಮೂರನೆಯ ಆವೃತ್ತಿ 2008ರಲ್ಲಿ ಬಂದಿತು. ಎರಡನೆಯದರ ಪೋಷಣೆಯ ಅವಧಿ 2020ರ ಜನವರಿ 1ಕ್ಕೆ ಮುಗಿಯಿತು.

‘ಇನ್ನೂ ಹಳೆಯದು ಯಾಕಪ್ಪಾ? ತೆಗೆದುಹಾಕು’ ಎನ್ನುತ್ತಾನೆ ಮಗ. ಹೇಗೆ ತೆಗೆಯಲಿ? ವಚನಗಳ ಪದಗಳನ್ನೆಣಿಸಲು ನನ್ನ ಶಿಷ್ಯನೊಬ್ಬ ಬರೆದುಕೊಟ್ಟ ಪ್ರೋಗ್ರಾಮು ಆ ಹಳೆಯದಕ್ಕೇ ಅರ್ಥವಾಗುವುದು. ಶಿಷ್ಯ ಈಗಿಲ್ಲ. ಹೊಸದರ ಮುಂದಿಟ್ಟರೆ, ‘ಪ್ರಿಂಟ್’ ಎಂಬ ಮಾತಿಗೆ ಕಂಸವಿಲ್ಲವೆಂದು ಆರಂಭದಲ್ಲೇ ತಕರಾರು.

‘ಕನ್ನಡ’ ಎಂಬ ಮಾತು ಎಷ್ಟುದ್ದವೆಂದು ಕೇಳಿ ನೋಡಿ: ಹಳೆಯದು ಬೈಟುಗಳನ್ನೆಣಿಸಿ 15 ಎನ್ನುತ್ತದೆ, ಹೊಸದು ಯೂನಿಕೋಡ್ ಸಂಕೇತಗಳನ್ನೆಣಿಸಿ 5 ಎನ್ನುತ್ತದೆ, ಒಂದನೆಯ ತರಗತಿಯ ಮಗು 3 ಎನ್ನುತ್ತದೆ. ಅವರವರ ಲೆಕ್ಕ ಅವರವರಿಗೆ ಸರಿ.

ಆದ್ದರಿಂದ ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದಂತೆ ಅವೆರಡಕ್ಕೂ ಬೇರೆ ಬೇರೆ ಫೋಲ್ಡರು, ಬೇರೆ ಬೇರೆ ಲೈಬ್ರರಿಗಳು. ಕರೆಯುವಾಗ ಬರಿಯ ‘ಪೈಥಾನ್’ ಎನ್ನದೆ ಎರಡೋ ಮೂರೋ ಎಂದು ಪೂರ್ತಿ ಹೆಸರು ಹಿಡಿದೇ ಕರೆಯುತ್ತೇನೆ. ಹೊಸ ಕೆಲಸವೆಲ್ಲ ಕಿರಿಯದಕ್ಕೆ. ಅಂತರ್ಜಾಲದ ಗಾಳಿ ಸೋಕದ ಆ ಎಣಿಕೆಯೊಂದೇ ಹಿರಿಯದಕ್ಕೆ. ‘ಪಾಲ್’ ಹೋಗಿ ‘ಹಾಲು’ ಆಯಿತೆಂದು ನಾವು ಪಂಪನನ್ನು ಮನೆಯಿಂದ ಹೊರಗೆ ಹಾಕಲಿಲ್ಲವಷ್ಟೆ.