ರಾಜಿಯನ್ನು ಯಾರೂ ತಡೆಯಲಿಲ್ಲ

ಇವತ್ತು ಮೀಟಿಂಗಿನ ವಿಷಯ ಅಲ್ಲ, ಮನವಿ ಪತ್ರದ್ದೂ ಅಲ್ಲ. ಒಂದು ವಿಡಿಯೋ ಗೇಮಿನ ಬಗ್ಗೆ ಬರೆಯುತ್ತಿದ್ದೇನೆ. ನಗಬೇಡಿ ಮಾರಾಯ್ರೆ. ಸ್ವಲ್ಪ ಉದ್ದ ಉಂಟು, ಪುರುಸೊತ್ತಿನಲ್ಲಿ ಓದಿ.

ದೀಪಾವಳಿಗೆ ಎರಡು ದಿನ ಇರುವಾಗ ಅಕ್ಕನ ಮಗ ಬೆಂಗಳೂರಿನಿಂದ ಬಂದ. ನಮ್ಮ ಕುಟುಂಬದಲ್ಲಿ ಮೊದಲ ಇಂಜಿನಿಯರ್ ಅವನೇ, ಮೊದಲ ಲ್ಯಾಪ್‌ಟಾಪೂ ಅವನದ್ದೇ. ನಾನು ಪುತ್ತೂರಲ್ಲಿ ಆಫೀಸು ಮುಗಿಸಿ, ಕಡಬದ ಬಸ್ಸಿನಲ್ಲಿ ಅರ್ಧ ದಾರಿ ನಿಂತುಕೊಂಡೇ ಬಂದು ಮನೆ ಮುಟ್ಟುವಾಗ ಏಳೂವರೆ. ಜಗಲಿಯಲ್ಲಿ ಅಳಿಯ ಮತ್ತು ನನ್ನ ಮಗಳು ಲ್ಯಾಪ್‌ಟಾಪಿಗೆ ಮುಖ ಅಂಟಿಸಿ ಕೂತಿದ್ದಾರೆ. ಮಗಳು ಆರನೇ ಕ್ಲಾಸು. ಅಪ್ಪ ಬಂದದ್ದೇ ಅವಳಿಗೆ ಗೊತ್ತಿಲ್ಲ.

"ಎಂತದಾ ಅದು?"

"ಹ್ಯಾಕ್ ಆಂಡ್ ಸ್ಲ್ಯಾಶ್, ಮಾಮ. ಕಡಿಯುವುದು, ಕೊಚ್ಚುವುದು. ಬಂದವರನ್ನೆಲ್ಲ ಮುಗಿಸಿ ಮುಂದೆ ಹೋಗುವ ಜಾತಿಯ ಗೇಮು."

ಗೇಮಿನಲ್ಲೂ ಜಾತಿ ಬಿಡುವುದಿಲ್ಲ ನೋಡಿ ಇವರು ಅಂತ ನಕ್ಕು ಒಳಗೆ ಹೋದೆ. ಚಾ ಕುಡಿದು ಹೊರಗೆ ಬಂದು ಕೂತವನು ಎದ್ದದ್ದು ಹತ್ತೂವರೆಗೆ.

ಗೇಮಿನ ಹೆಸರು 'ರಾಜಿ: ಆ್ಯನ್ ಏನ್ಷಂಟ್ ಎಪಿಕ್'. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡ ಮಾಡಿದ್ದು, ಬಂದದ್ದು 2020ರಲ್ಲಿ. ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ಹೊಸಬರ ಮೊದಲ ಆಟಗಳ ವಿಭಾಗಕ್ಕೆ ನಾಮನಿರ್ದೇಶನ ಆಗಿತ್ತು. ಕಥೆ ಸರಳ. ರಾಜಿ ಒಬ್ಬಳು ಹುಡುಗಿ. ತಮ್ಮ ಗೋಲು. ಇಬ್ಬರೂ ಸರ್ಕಸ್ಸಿನವರು. ರಾಕ್ಷಸರು ಬಂದು ಮಕ್ಕಳನ್ನು ಹೊತ್ತುಕೊಂಡು ಹೋಗುತ್ತಾರೆ, ಅವರಲ್ಲಿ ಗೋಲುವೂ ಒಬ್ಬ. ಅವಳು ತಮ್ಮನನ್ನು ಹುಡುಕಿಕೊಂಡು ಹೊರಡುತ್ತಾಳೆ. ದುರ್ಗೆ ತ್ರಿಶೂಲ ಕೊಡುತ್ತಾಳೆ, ವಿಷ್ಣು ಶಾರ್ಙ್ಗ ಬಿಲ್ಲು ಕೊಡುತ್ತಾನೆ. ಇವರಿಬ್ಬರೂ ಮೇಲೆ ಕೂತು ಅವಳ ಬಗ್ಗೆ ಮಾತಾಡುತ್ತಿರುತ್ತಾರೆ, ನಾವು ಕೇಳುತ್ತಾ ಆಡಬೇಕು. ಅಳಿಯ ಹಾಕಿದ್ದರಲ್ಲಿ ದೇವರಿಬ್ಬರದ್ದೂ ಇಂಗ್ಲಿಷು. ಮೊದಲು ಸಂಸ್ಕೃತ ಇತ್ತು, ಈಗ ಇದು. ನಮ್ಮ ಭಾಷೆಗೆ ಯಾವಾಗ ಬರ್ತಾರೋ!

ಚಂದ ಉಂಟಾ ಅಂದರೆ, ಚಂದ ಉಂಟು. ಸುಳ್ಳು ಹೇಳುವುದಿಲ್ಲ. ರಾಜಸ್ಥಾನದ ಕೋಟೆಗಳ ಹಾಗಿನ ಗೋಡೆ, ಕಂಬ, ಗೋಡೆ ತುಂಬ ಚಿತ್ರ. ನಡುವೆ ಕಥೆ ಹೇಳುವಾಗ ತೊಗಲು ಗೊಂಬೆಯಾಟದ ಹಾಗೆ ನೆರಳಿನ ಗೊಂಬೆಗಳು ಬರುತ್ತವೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವಳ ಮೈ. ಗೋಡೆಯ ಮೇಲೆಯೇ ನಾಲ್ಕು ಹೆಜ್ಜೆ ಓಡುತ್ತಾಳೆ, ಕಂಬಕ್ಕೆ ಹಾರಿ ಒಂದು ಸುತ್ತು ತಿರುಗಿ ಕೆಳಗಿದ್ದವರ ಮೇಲೆ ಬೀಳುತ್ತಾಳೆ. ಅದು ದೇವರು ಕೊಟ್ಟ ಶಕ್ತಿ ಅಲ್ಲ. ಸರ್ಕಸ್ಸಿನಲ್ಲಿ ಹೊಟ್ಟೆಪಾಡಿಗೆ ಕಲಿತದ್ದು. ಗೇಮು ಮಾಡಿದವರು ಅದನ್ನು ಯೋಚನೆ ಮಾಡಿಯೇ ಇಟ್ಟಿರಬೇಕು. ಅದಕ್ಕೆ ಅವರಿಗೆ ಒಂದು ನಮಸ್ಕಾರ.

ಚಿಕ್ಕವನಿದ್ದಾಗ ಏಪ್ರಿಲಿನಲ್ಲಿ ಪುತ್ತೂರು ಜಾತ್ರೆಗೆ ಹೋದರೆ ದೇವರಮಾರು ಗದ್ದೆಯ ಬದಿಯಲ್ಲಿ ದೊಂಬರಾಟ ಇರುತ್ತಿತ್ತು. ಹಗ್ಗದ ಮೇಲೆ ಕೋಲು ಹಿಡಿದ ಹುಡುಗಿ, ಕೆಳಗೆ ಡೋಲು ಬಡಿಯುವ ಸಣ್ಣ ತಮ್ಮ. ನಾವು ಬಾಯಿ ಬಿಟ್ಟು ನೋಡಿ, ತಟ್ಟೆ ಬರುವಾಗ ಹಿಂದೆ ಸರಿಯುತ್ತಿದ್ದೆವು. ದೊಂಬರು ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಗೇಮಿನಲ್ಲಿ ರಾಜಿಯ ಜಾತಿ ಯಾರೂ ಹೇಳುವುದಿಲ್ಲ. ಹೇಳದಿದ್ದರೂ ನನಗೆ ಅವಳ ಗುರುತು ಸಿಕ್ಕಿತು. ಊರೂರು ತಿರುಗಿ ಮೈ ಬಗ್ಗಿಸಿ ತಿನ್ನುವವರು ನಮ್ಮ ದೇಶದಲ್ಲಿ ಯಾರು ಅಂತ ಗೊತ್ತಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಸುರುವಿನಲ್ಲಿ ರಾಜಿ ದುರ್ಗೆಯ ಗುಡಿಗೆ ಹೋಗುತ್ತಾಳೆ. ಮೆಟ್ಟಿಲು ಹತ್ತಿ ಸೀದಾ ಒಳಗೆ. ಅಲ್ಲಿ ಮಗಳು ಕೇಳಿದಳು:

"ಅಪ್ಪಾ, ಇವಳನ್ನು ಯಾರೂ ಎಂತ ಕೇಳುವುದಿಲ್ವಾ?"

ಅಳಿಯ ನಗಾಡಿದ. "ಕೇಳ್ಲಿಕ್ಕೆ ಬಂದವರನ್ನೆಲ್ಲ ಕಡಿದು ಆಯ್ತಲ್ಲ ಪುಟ್ಟಿ."

ನನಗೆ ನಗು ಬರಲಿಲ್ಲ. ಕಳೆದ ವರ್ಷ ನಮ್ಮ ಕಡೆಯ ಒಂದು ದೇವಸ್ಥಾನದಲ್ಲಿ ಬ್ರಹ್ಮಕಲಶ. ಹೆಸರು ಬೇಡ. ಊರಿಗೆ ಊರೇ ಹಸಿರು ಹೊರೆಕಾಣಿಕೆ ಕೊಡುವಾಗ ನಮ್ಮ ಕಾಲೊನಿಯಿಂದಲೂ ಕೊಡುವ ಅಂತಾಯ್ತು. ತೆಂಗಿನಕಾಯಿ, ಬಾಳೆಗೊನೆ, ಸೌತೆ. ಮಗಳು ಹಠ ಮಾಡಿ ಒಂದು ದೊಡ್ಡ ಸೌತೆಕಾಯಿ ತಾನೇ ಹಿಡಿದುಕೊಂಡಳು. ದ್ವಾರದ ಹತ್ತಿರ ಶಾಲು ಹಾಕಿದ ಹುಡುಗ ಒಬ್ಬ ಬಹಳ ಮರ್ಯಾದೆಯಿಂದಲೇ ಹೇಳಿದ: "ನೀವು ಇಲ್ಲೇ ಇಡಿ ಅಣ್ಣ, ಒಳಗೆ ರಶ್ಶು. ನಾವು ತಕ್ಕೊಂಡು ಹೋಗ್ತೇವೆ." ನಮ್ಮ ಹಿಂದೆ ಬಂದವರು ಹೊರೆ ಹೊತ್ತುಕೊಂಡೇ ಉಗ್ರಾಣಕ್ಕೆ ಹೋದರು. ಅವರಿಗೆ ರಶ್ಶು ಇರಲಿಲ್ಲ. ನಾನು ಮಾತಾಡಿದೆ, ಸ್ವರ ಜೋರಾಯ್ತು. ಯಾರೋ ದೊಡ್ಡವರು ಬಂದು "ತಪ್ಪು ತಿಳ್ಕೊಳ್ಬೇಡಿ, ಹುಡುಗರಿಗೆ ಗೊತ್ತಾಗ್ಲಿಲ್ಲ, ಬನ್ನಿ ಬನ್ನಿ" ಅಂದರು. ಅಷ್ಟು ಹೊತ್ತಿಗೆ ಮಗಳು ಸೌತೆಕಾಯಿಯನ್ನು ನೆಲದಲ್ಲಿ ಇಟ್ಟು ಆಗಿತ್ತು.

1955ರಿಂದ ಕಾನೂನು ಉಂಟು. ಸೆಕ್ಷನ್‌ಗಳು ನನಗೆ ಬಾಯಿಪಾಠ, ಬೇರೆಯವರಿಗೆ ಎಷ್ಟು ದೂರು ಬರೆದುಕೊಟ್ಟಿದ್ದೇನೋ ಲೆಕ್ಕ ಇಲ್ಲ. ಆ ದಿನ ಮನೆಗೆ ಬರುವ ದಾರಿಯಲ್ಲಿ ಮಗಳು ಏನೂ ಕೇಳಲಿಲ್ಲ. ಕೇಳಲಿಲ್ಲವಲ್ಲ, ಮರೆತಿರಬೇಕು ಅಂತ ನಾನೂ ಸುಮ್ಮನಾದೆ. ವೇದಿಕೆಯಲ್ಲಿ ಒಂದು ಗಂಟೆ ಮಾತಾಡುವವನಿಗೆ ಸ್ವಂತ ಮಗಳ ಹತ್ತಿರ ಐದು ನಿಮಿಷ ಮಾತಾಡಲು ಆಗಲಿಲ್ಲ. ಅವಳು ಮರೆತಿರಲಿಲ್ಲ ಅಂತ ಗೊತ್ತಾದದ್ದು ಈ ಗೇಮಿನಿಂದ.

ಅದಕ್ಕೇ ಮರುದಿನ ನಾನೂ ಆಡಿದೆ. ಹೊಂಡಕ್ಕೆ ಬಿದ್ದು ಬಿದ್ದು ಸಾಕಾಯ್ತು. ಕ್ಯಾಮೆರಾ ನಮಗೆ ಬೇಕಾದ ಹಾಗೆ ತಿರುಗುವುದಿಲ್ಲ, ಅವರು ಇಟ್ಟ ಕಡೆಯಿಂದಲೇ ನೋಡಬೇಕು. ಎಷ್ಟೋ ಸಲ ಹಾರಬೇಕಾದ ಕಂಬ ಹತ್ತಿರ ಉಂಟಾ ದೂರ ಉಂಟಾ ಗೊತ್ತಾಗುವುದಿಲ್ಲ. ಹೊಡೆದಾಟ ಸುರುವಿಗೆ ಖುಷಿ. ತ್ರಿಶೂಲಕ್ಕೆ ಮಿಂಚು ಬೇಕಾ, ಬೇರೆ ಎಂತಾದರೂ ಬೇಕಾ ಅಂತ ಶಕ್ತಿಗಳನ್ನು ನಾವೇ ಹಂಚಬಹುದು, ಹಂಚಿದ್ದು ಸರಿಯಾಗಲಿಲ್ಲ ಅಂದರೆ ವಾಪಸು ತೆಗೆದು ಬದಲಿಸಬಹುದು. ಇದು ಒಳ್ಳೆ ವ್ಯವಸ್ಥೆ, ನಮ್ಮ ತಾಲೂಕು ಆಫೀಸುಗಳಲ್ಲಿ ಇಲ್ಲದ್ದು. ಆದರೆ ಹೋಗ್ತಾ ಹೋಗ್ತಾ ಅದೇ ರಾಕ್ಷಸರು, ಅದೇ ಹೊಡೆತ. ಎಲ್ಲ ಸೇರಿ ಐದಾರು ಗಂಟೆಯ ಆಟ. ಕೊನೆಯಲ್ಲಿ ಕಥೆ ಪೂರ್ತಿ ಆಗುವ ಮೊದಲೇ ಟಪ್ಪಂತ ನಿಂತುಬಿಡುತ್ತದೆ. ಅಳಿಯ ಮೊದಲೇ ಹೇಳಿದ್ದ, ಆದರೂ ಮಗಳಿಗೆ ಸಿಟ್ಟು ಬಂತು.

ಇದೆಲ್ಲ ಕೈಗೆ ಸಿಗುವ ತಪ್ಪುಗಳು. ನನಗೆ ಕುತ್ತಿದ್ದು ಬೇರೆ. ಎದುರು ಬಂದು ಸಾಯುವವರಿಗೆ ಮುಖ ಇಲ್ಲ, ಮಾತಿಲ್ಲ, ಮನೆ ಇಲ್ಲ. ಅಸುರರು ಅಂದರೆ ಕಡಿಯಲಿಕ್ಕೆ ಇರುವವರು, ಅಷ್ಟೆ. ಅವರ ಒಡೆಯನ ಹೆಸರು ಮಹಾಬಲಾಸುರ. ಮಹಾಬಲ ಬೇರೆ, ಮಹಾಬಲಿ ಬೇರೆ, ಅಷ್ಟು ಕನ್ನಡ ನನಗೂ ಗೊತ್ತು. ಮಕ್ಕಳನ್ನು ಕದಿಯುವವನ ಪರ ವಕಾಲತ್ತು ಮಾಡಲಿಕ್ಕೂ ನಾನು ಬಂದದ್ದಲ್ಲ. ಆದರೆ ತುಳುನಾಡಿನವನ ಕಿವಿಗೆ ಆ ಹೆಸರು ಹೇಗೆ ಬೀಳ್ತದೆ ಹೇಳಿ, ಅದೂ ದೀಪಾವಳಿಯ ವಾರದಲ್ಲಿ! ಒಳಗೆ ಮಗಳು ಮಹಾಬಲಾಸುರನ ಕಡೆಯವರನ್ನು ಕೊಚ್ಚುತ್ತಿದ್ದಾಳೆ, ಹೊರಗೆ ಅಕ್ಕ ದೀಪ ಹಿಡಿದುಕೊಂಡು ಬಲೀಂದ್ರನನ್ನು ಕೂ ಹಾಕಿ ಕರೆಯುತ್ತಿದ್ದಾಳೆ. ಮೊದಲೆಲ್ಲ ಗದ್ದೆಯ ಬದುವಿನಲ್ಲಿ ಕರೆಯುವುದು. ಈಗ ಗದ್ದೆ ಇದ್ದಲ್ಲಿ ಯಾರದ್ದೋ ಅಡಿಕೆ ತೋಟ, ನಮ್ಮದು ಐದು ಸೆಂಟ್ಸಿನ ಅಂಗಳ.

ಈ ಗೇಮು ಹುಟ್ಟಿದ ಅದೇ ಪುಣೆಯಲ್ಲಿ ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದದ್ದು. ಬಲಿ ರೈತಾಪಿ ಜನರ ರಾಜ, ವಾಮನನ ಕಥೆ ಅಂದರೆ ಗೆದ್ದವರು ಬರೆದ ಕಥೆ ಅಂತ ಅವರು ಬಿಡಿಸಿಟ್ಟರು. ಮೈಸೂರಿನಲ್ಲಿ ಮಹಿಷ ದಸರಾ ಮಾಡುವ ನಮ್ಮವರಿಗೆ ಇದನ್ನು ನಾನು ವಿವರಿಸಬೇಕಿಲ್ಲ. ಹೊರದೇಶದ 'ಗಾಡ್ ಆಫ್ ವಾರ್' ಅಂತ ಇದೇ ಜಾತಿಯ ಹಳೆ ಗೇಮು ಉಂಟಂತೆ, 2005ರದ್ದು. ಅದರಲ್ಲಿ ನಾಯಕ ಗ್ರೀಕರ ಯುದ್ಧದೇವತೆಯನ್ನೇ ಕೊಲ್ಲುತ್ತಾನೆ. ನಮ್ಮಲ್ಲಿ ಅಂಥದ್ದು ಮಾಡಿದರೆ ಮಾಡಿದವರ ಮನೆಯ ಹೆಂಚು ಉಳಿಯಲಿಕ್ಕಿಲ್ಲ. ಪುಣೆಯ ಆ ಮಕ್ಕಳು ಹೆದರಿದ್ದಾ, ಅವರಿಗೆ ಹಾಗೆ ತೋಚಲೇ ಇಲ್ಲವಾ, ಆ ಲೆಕ್ಕ ನನಗೆ ಬೇಡ. ಸರ್ಕಸ್ಸಿನ ಹುಡುಗಿಯನ್ನು ನಾಯಕಿ ಮಾಡಿದರು, ಅದು ದೊಡ್ಡದು. ಆದರೆ ಅವಳು ಗೆಲ್ಲಬೇಕಾದರೆ ಮೇಲಿನವರು ಆಯುಧ ಕೊಡಬೇಕು, ಆ ಆಯುಧದಿಂದ ಮೇಲಿನವರ ಶತ್ರುಗಳನ್ನು ಕಡಿಯಬೇಕು. ಕಾಲಾಳುಗಳಾಗಿ ನಮ್ಮ ಹುಡುಗರನ್ನು ಮುಂದೆ ಕಳಿಸುವ ಆಟ ನಮ್ಮ ಊರುಗಳಲ್ಲಿ ಬೇಕಾದಷ್ಟು ನೋಡಿದ್ದೇವೆ. ಅದಕ್ಕೆ ಲ್ಯಾಪ್‌ಟಾಪು ಬೇಡ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಸುಳ್ಯದ ಗೆಳೆಯರೊಬ್ಬರು "ಮತ್ತೆ ಎಂತಕ್ಕೆ ಮಗಳಿಗೆ ಆಡ್ಲಿಕ್ಕೆ ಬಿಟ್ಟದ್ದು?" ಅಂತ ಬೈದರು. ಪ್ರಶ್ನೆ ಸರಿ. ಬಂದ್ ಮಾಡು ಅಂತ ಹೇಳಬಹುದಿತ್ತು. ಆದರೆ ಆ ಹುಡುಗಿ ಮೆಟ್ಟಿಲು ಹತ್ತಿ ಒಳಗೆ ಹೋಗುವಾಗ ನಾನು ಸ್ಕ್ರೀನ್ ನೋಡಿದ್ದಲ್ಲ, ಮಗಳ ಮುಖ ನೋಡಿದ್ದು. ಅದನ್ನು ಬಂದ್ ಮಾಡಲಿಕ್ಕೆ ನನ್ನಿಂದ ಆಗಲಿಲ್ಲ. ಅದರ ಬದಲು ಆ ರಾತ್ರಿ ಅವಳ ಹತ್ತಿರ ಕೂತು ಸೌತೆಕಾಯಿಯ ವಿಷಯ ತೆಗೆದೆ. ಅವಳು ಕೇಳಿದ ಮೊದಲ ಮಾತು, "ನಾನು ಕೆಳಗೆ ಇಟ್ಟದ್ದು ತಪ್ಪಾ ಅಪ್ಪಾ?" ಒಂದು ವರ್ಷ ಆ ಮಗು ಅದನ್ನು ಹೊತ್ತುಕೊಂಡಿತ್ತು. ಆಮೇಲೆ ಬಲೀಂದ್ರ ಯಾರು, ಅತ್ತೆ ಕೂ ಹಾಕಿದ್ದು ಯಾಕೆ, ಅಸುರ ಅಂತ ಹೆಸರಿಟ್ಟದ್ದು ಯಾರು, ಎಲ್ಲ ಮಾತಾಡಿದೆವು. "ಹಾಗಾದ್ರೆ ನಾನು ಕೊಂದದ್ದು ನಮ್ಮವರನ್ನಾ?" ಅಂತ ಕೇಳಿದಳು. ಉತ್ತರ ಸರಿಯಾಗಿ ಕೊಡಲಿಕ್ಕೆ ಆಗಲಿಲ್ಲ. ಕಥೆಯಲ್ಲಿ ಅಲ್ಲ, ಕಥೆ ಹೇಳುವ ರೀತಿಯಲ್ಲಿ ಅಂತ ಎಂತದೋ ಹೇಳಿದೆ. ಅವಳಿಗೆ ನಿದ್ರೆ ಬಂದಿತ್ತು.

ಅಳಿಯ ವಾಪಸು ಹೋಗಿ ವಾರ ಆಯ್ತು. ಬಸ್ಸು ಹತ್ತುವ ಮೊದಲು ಅವನ ಹತ್ತಿರ ಕೇಳಿದೆ, ಇಂಥ ಗೇಮು ಮಾಡಲಿಕ್ಕೆ ಎಷ್ಟು ಜನ ಬೇಕಾ? ಸಣ್ಣದಾದರೆ ಮೂರು ನಾಲ್ಕು ಜನ ಸಾಕು ಮಾಮ, ಆದರೆ ತಾಳ್ಮೆ ಬೇಕು, ಕಥೆ ಬೇಕು ಅಂದ. ಕಥೆ ನಮ್ಮಲ್ಲಿ ಉಂಟಲ್ಲ. ಮುಗೇರರ ಮುದ್ದ-ಕಳಲ ಉಂಟು, ಅವರ ಜೊತೆಯ ತನ್ನಿಮಾಣಿಗ ಉಂಟು. ಬಿಲ್ಲು ಬಾಣ ಉಂಟು, ಕಾಡು ಉಂಟು, ಬೇಟೆ ಉಂಟು. ವಿಷ್ಣುವಿನ ಹತ್ತಿರ ಸಾಲ ಕೇಳಬೇಕಾಗಿಲ್ಲ.

ಕೋಡಿಂಗ್, ಚಿತ್ರ, ಅನಿಮೇಷನ್ ಗೊತ್ತಿರುವ ನಮ್ಮ ಹುಡುಗ ಹುಡುಗಿಯರು ಬೆಂಗಳೂರಲ್ಲೋ ಮಂಗಳೂರಲ್ಲೋ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ದುಡ್ಡಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅಕ್ಕನಿಗೆ ಪಾಡ್ದನ ಇನ್ನೂ ಬಾಯಿಗೆ ಬರ್ತದೆ. ಮೊನ್ನೆ ಆದಿತ್ಯವಾರ ಫೋನಿನಲ್ಲಿ ರೆಕಾರ್ಡು ಮಾಡಿದ್ದೇನೆ, ಇಪ್ಪತ್ತಮೂರು ನಿಮಿಷ. ನಡುವೆ ಒಂದು ಕಡೆ ಕೋಳಿ ಕೂಗಿದ್ದು ಬಂದಿದೆ, ಇನ್ನೊಂದು ಕಡೆ ಮಗಳು "ಮತ್ತೆ ಎಂತಾಯ್ತು ಅತ್ತೆ" ಅಂತ ಕೇಳಿದ್ದೂ ಬಂದಿದೆ. ಬೇಕಾದವರಿಗೆ ಕಳಿಸುತ್ತೇನೆ.