ನಿನ್ನ ಹಟ್ಟಿ ಯಾವುದು?

ಕಳೆದ ಜೂನ್ ತಿಂಗಳಲ್ಲಿ, ಚಿತ್ರ ಬರೆಯುವುದಕ್ಕೆಂದು ಉದಕಮಂಡಲದ ಸಮೀಪದ ಒಂದು ಮನೆಯಲ್ಲಿ ಎರಡು ತಿಂಗಳು ನೆಲೆಸುವ ಅವಕಾಶ ನನಗೆ ದೊರೆಯಿತು. ಕಲಾವಿದರಿಗೆ ಕೋಣೆಯನ್ನೂ ಊಟವನ್ನೂ ಒದಗಿಸಿ, ಹೊರಡುವಾಗ ಒಂದು ಚಿತ್ರವನ್ನು ಕೇಳಿ ಪಡೆಯುವ ಏರ್ಪಾಡು ಅದು. ನಾನು ಕಾಸರಗೋಡಿನವನು, ಕಡಲು, ಮುರಕಲ್ಲು, ಕಂಗಿನ ತೋಟಗಳ ನಡುವೆ ಬೆಳೆದವನು. ನಮ್ಮೂರು 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ಮನೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು. ಹೀಗಾಗಿ ಪರಭಾಷೆ ನನಗೆ ಹೊಸತಾಗಿರಲಿಲ್ಲ. ನನ್ನನ್ನು ಕಂಗೆಡಿಸಿದ್ದು ಅಲ್ಲಿಯ ಮಂಜು.

ನನ್ನದು ಜಲವರ್ಣ. ಊರಿನಲ್ಲಿ ಬಣ್ಣವಿಟ್ಟು ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಕಾಗದ ಒಣಗುತ್ತಿತ್ತು. ಇಲ್ಲಿ ಬೆಳಿಗ್ಗೆ ಬಳಿದ ಬಣ್ಣ ಸಂಜೆಯವರೆಗೂ ಹಸಿಯಾಗಿಯೇ ಉಳಿದು, ಒಂದರೊಳಗೊಂದು ಹರಿದು ಕೆಸರಾಗುತ್ತಿತ್ತು. ದೊಡ್ಡಬೆಟ್ಟವಂತೂ ಹತ್ತು ದಿನ ಮುಖವನ್ನೇ ತೋರಿಸಲಿಲ್ಲ. ಹನ್ನೊಂದನೆಯ ದಿನ ಸ್ವಲ್ಪ ಬಿಸಿಲು ಬಂದಾಗ, ಚಹಾ ತೋಟದ ಹಿಂದೆ ಸಾಲಾಗಿ ನಿಂತಿದ್ದ ನೀಲಗಿರಿ ಮರಗಳನ್ನು ಅವಸರದಿಂದ ಬರೆದು ಮುಗಿಸಿದೆ. ಚಿತ್ರ ಚೆನ್ನಾಗಿಯೇ ಬಂದಿತ್ತು, ಕ್ಯಾಲೆಂಡರಿನ ಚಿತ್ರದ ಹಾಗೆ. ಬಂದ ಕೆಲಸ ಅರ್ಧ ಮುಗಿಯಿತೆಂದು ಸಮಾಧಾನಪಟ್ಟುಕೊಂಡೆ.

ಮರುದಿನ ಅದೇ ಚಿತ್ರವನ್ನು ತಿದ್ದುತ್ತ ತೋಟದ ಅಂಚಿನಲ್ಲಿ ಕುಳಿತಿದ್ದೆ. ಬಿಳಿ ವಸ್ತ್ರವನ್ನುಟ್ಟ ಬಡಗ ಸಮುದಾಯದ ಅಜ್ಜಿಯೊಬ್ಬರು ಬಂದು ಪಕ್ಕದಲ್ಲಿ ನಿಂತರು. ಅವರ ಬಡಗ ನುಡಿ ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಜಾರಿಹೋಗುತ್ತಿತ್ತು. ನಾನು ಕನ್ನಡದಲ್ಲಿ ಉತ್ತರಿಸಿದಾಗ ಅವರ ಮುಖ ಅರಳಿತು. ಅವರು ಕೇಳಿದ್ದನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ, "ನಿನ್ನ ಹಟ್ಟಿ ಯಾವುದು?"

ನಮ್ಮ ಕರಾವಳಿಯಲ್ಲಿ ಹಟ್ಟಿ ಎಂದರೆ ದನ ಕಟ್ಟುವ ಕೊಟ್ಟಿಗೆ. ಈ ಅಜ್ಜಿಗೆ ನಮ್ಮ ಹಟ್ಟಿಯ ಚಿಂತೆ ಏಕೆಂದು ಬೆರಗಾದರೂ, "ಹಟ್ಟಿ ಬಿದ್ದುಹೋಯಿತು ಅಜ್ಜೀ, ಈಗ ದನಗಳೂ ಇಲ್ಲ" ಎಂದೆ. ಅವರು ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಮರುಗಿದರು. ಆಮೇಲೆ ಅವರ ಮೊಮ್ಮಗ ಬಂದು ವಿವರಿಸಿದಾಗಲೇ ವಿಷಯ ತಿಳಿದದ್ದು: ಬಡಗರಿಗೆ ಹಟ್ಟಿ ಎಂದರೆ ಊರು. ನನ್ನ ಊರಿಗೆ ಊರೇ ಬಿದ್ದುಹೋಯಿತೆಂದು ಅವರು ತಿಳಿದಿದ್ದರು. ಮೂವರೂ ನಕ್ಕೆವು.

ಆದರೆ ಆ ರಾತ್ರಿ ನಿದ್ರೆ ಹತ್ತಲಿಲ್ಲ. ನಾನು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ತಂದೆಯವರು ತೀರಿಕೊಂಡ ಮೇಲೆ ತೋಟವನ್ನೂ ಮನೆಯನ್ನೂ ಮಾರಿದ್ದೆವು. ಕೊಟ್ಟಿಗೆಯ ಜೊತೆಗೆ ಊರೂ ಕೈಬಿಟ್ಟಿತ್ತು. ಆ ಮಾತನ್ನು ನಾನು ಯಾರೊಡನೆಯೂ ಆಡಿರಲಿಲ್ಲ.

ಬಡಗ ಎಂದರೆ ಉತ್ತರ ದಿಕ್ಕು, ಬಡಗರೆಂದರೆ ಉತ್ತರದವರು. ಮೈಸೂರು ಸೀಮೆಯಿಂದ ಶತಮಾನಗಳ ಹಿಂದೆ ಬೆಟ್ಟವೇರಿ ಬಂದವರೆಂದು ಅವರ ಪರಂಪರೆ ಹೇಳುತ್ತದೆ. ಇಷ್ಟು ಕಾಲ ಇಲ್ಲಿಯೇ ಬೇಸಾಯ ಮಾಡಿಕೊಂಡಿದ್ದರೂ ಹೆಸರು ಮಾತ್ರ ಬಂದ ದಿಕ್ಕಿನದೇ ಉಳಿದಿದೆ. ಇತ್ತ ನಾನು ಬರೆದ ಮರದ ಕಥೆ ಬೇರೆ. ಆಸ್ಟ್ರೇಲಿಯಾದ ಆ ಮರ ಈ ಬೆಟ್ಟಗಳಿಗೆ ಬಂದದ್ದು 1843ರಲ್ಲಿ. ಕನ್ನಡಿಗರಾದ ನಾವು ಅದಕ್ಕೆ ಬೆಟ್ಟದ ಹೆಸರನ್ನೇ ಕೊಟ್ಟು, ನೀಲಗಿರಿ ಮರವೆಂದು ಕರೆಯುತ್ತೇವೆ. ಅಜ್ಜಿ ನನ್ನ ಚಿತ್ರವನ್ನು ನೋಡಿ ಹೇಳಿದ್ದು ಇಷ್ಟು: ಆ ಇಳಿಜಾರಿನ ಮರಗಳನ್ನು ನೆಡುವುದನ್ನು ಅವರು ಕಣ್ಣಾರೆ ಕಂಡಿದ್ದರು, ಮೊದಲು ಅಲ್ಲಿ ಹುಲ್ಲಿತ್ತು, ಎಮ್ಮೆಗಳು ಮೇಯುತ್ತಿದ್ದವು, ಕೆಳಗೆ ಒಂದು ಊಟೆ ಇತ್ತು. ಈಗ ಊಟೆ ಇಲ್ಲ.

ಇಂಗ್ಲೆಂಡಿನ ಚಿತ್ರಕಾರ ಎಡ್ವರ್ಡ್ ಲಿಯರ್ 1873ರಲ್ಲಿ ಭಾರತಕ್ಕೆ ಬಂದು, ಮರುವರ್ಷ ಈ ಬೆಟ್ಟಗಳಿಗೂ ಬಂದಿದ್ದನು. ಸ್ಥಳದಲ್ಲಿಯೇ ಬರೆದ ರೇಖಾಚಿತ್ರಗಳ ಮೇಲೆ ಬಣ್ಣಗಳ ಮತ್ತು ವಸ್ತುಗಳ ಹೆಸರನ್ನು ಗುರುತಿಸಿಕೊಳ್ಳುವುದು ಅವನ ಪದ್ಧತಿ. ಆ ಪದ್ಧತಿಯನ್ನು ನಾನೂ ಹಿಡಿದೆ. ಅಜ್ಜಿಯ ಮೊಮ್ಮಗನ ಜೊತೆ, ತೋಟಗಳು ಮುಗಿದು ಹುಲ್ಲುಬೆಟ್ಟ ಉಳಿದಿರುವ ಕಡೆಗೆ ನಡೆದುಹೋಗಿ, ಬೆಟ್ಟದ ಮಡಿಲಲ್ಲಿ ಅಡಗಿದ ಶೋಲಾ ಕಾಡನ್ನು ನೋಡುತ್ತ ಕುಳಿತೆ. ಬಣ್ಣ ಹಚ್ಚುವ ಮೊದಲು ಕಂಡದ್ದರ ಹೆಸರನ್ನು ಕೇಳಿ ಬರೆದುಕೊಂಡೆ. ಕೆಲವು ಹೆಸರು ನನ್ನವೇ ಆಗಿದ್ದವು. ಕೆಲವನ್ನು ಎರಡು ಮೂರು ಸಲ ಹೇಳಿಸಿಕೊಳ್ಳಬೇಕಾಯಿತು. ಮಂಜು ಬಂದಾಗ ಅದರೊಡನೆ ಸೆಣಸದೆ ಕಾಗದವನ್ನು ಹಾಗೆಯೇ ಬಿಳಿಯಾಗಿ ಬಿಟ್ಟೆ. ಒಣಗಲು ಮೂರು ದಿನ ಬೇಕಾದರೆ ಮೂರು ದಿನ ಕಾದೆ.

ಹೊರಡುವಾಗ ಆ ಮನೆಯವರಿಗೆ ಕೊಟ್ಟದ್ದು ಈ ಹುಲ್ಲುಬೆಟ್ಟದ ಚಿತ್ರವನ್ನು. ನೀಲಗಿರಿ ಮರಗಳದು ನನ್ನಲ್ಲಿಯೇ ಇದೆ. ಚಿತ್ರದ ಹಿಂಬದಿಯಲ್ಲಿ ಹೆಸರನ್ನೂ ಊರನ್ನೂ ಬರೆಯಲು ಹೇಳಿದರು. ಹೆಸರು ಬರೆದೆ. ಊರಿನ ಜಾಗದಲ್ಲಿ ಸ್ವಲ್ಪ ತಡೆದು, ಕಾಸರಗೋಡು ಎಂದು ಕನ್ನಡದಲ್ಲಿಯೇ ಬರೆದೆ.

ಅಜ್ಜಿ ಒಂದು ಚೀಲ ಆಲೂಗಡ್ಡೆಯನ್ನು ಕೊಟ್ಟರು, ಹಟ್ಟಿಗೆ ಕೊಂಡುಹೋಗೆಂದು. ಈ ಸಲ ನಾನು ಅರ್ಥ ಕೇಳಲಿಲ್ಲ.